ಸೌರ ವಿದ್ಯುತ್ತಿನ ಮುಂದಿದ್ದ ಆ ಸೊನ್ನೆ

ಮೂರು ವಾರ ಒಂದೇ ಸ್ಪ್ರೆಡ್‌ಶೀಟ್ ಜೊತೆ ಗುದ್ದಾಡಿದೆ. ಒಂದು ಕಡೆ ಪೈಪ್ಸಾ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಇಂಧನ ವ್ಯವಸ್ಥೆಯ ಮಾಡೆಲ್. ಖರ್ಚು ಕಡಿಮೆ ಮಾಡುವುದೊಂದೇ ಅದರ ಧ್ಯಾನ. ಇನ್ನೊಂದು ಕಡೆ ಜೀವನಚಕ್ರದ ಲೆಕ್ಕ, ನಾವು ಎಲ್‌ಸಿಎ ಅನ್ನುತ್ತೇವಲ್ಲ, ಅದು. ಗಣಿಯಿಂದ ಗುಜರಿಯವರೆಗಿನ ಹೊಗೆ, ನೀರು, ಲೋಹ ಎಲ್ಲವೂ ಅದರಲ್ಲಿ ಬರುತ್ತದೆ. ಎರಡನ್ನೂ ಕೂಡಿಸುವುದು ನನ್ನ ಕೆಲಸ.

ಮಾಡೆಲ್‌ನ ಹೊಗೆ ಕಾಲಂನಲ್ಲಿ ಸೌರ ವಿದ್ಯುತ್ತಿನ ಮುಂದೆ 0 ಅಂತ ಇತ್ತು. ಚಿಮಣಿ ಇಲ್ಲ, ಸರಿ. ಆದರೆ ಸಿಲಿಕಾನ್ ಕರಗಿಸಿದ್ದು, ಗಾಜು, ಅಲ್ಯೂಮಿನಿಯಂ ಚೌಕಟ್ಟು? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯಲ್ಲಿ ಒಂದು ಯೂನಿಟ್ಟಿಗೆ ಇಂಗಾಲದ ಹೊಗೆಯ ಮಧ್ಯದ ಅಂದಾಜು ಕಲ್ಲಿದ್ದಲಿಗೆ 820 ಗ್ರಾಂ, ದೊಡ್ಡ ಸೌರ ಸ್ಥಾವರಕ್ಕೆ 48, ನೆಲದ ಮೇಲಿನ ಗಾಳಿಯಂತ್ರಕ್ಕೆ 11. ಸೊನ್ನೆ ಅಳಿಸಿ 48 ಬರೆದು ಯೂನಿಟ್‌ನಿಂದ ಗುಣಿಸಿದರೆ ಮುಗೀತು, ಅಲ್ವಾ?

ಹಾಗೇ ಮಾಡಿದೆ. ಉತ್ತರ ಚೆನ್ನಾಗಿಯೇ ಬಂತು. ಅದೇ ಅನುಮಾನ ಹುಟ್ಟಿಸಿತು.

ಆ 48 ಗ್ರಾಂ ಹೆಚ್ಚುಕಡಿಮೆ ಪೂರ್ತಿ ಪ್ಯಾನಲ್ ತಯಾರಿಸಿ ನಿಲ್ಲಿಸುವಾಗಿನ ಹೊಗೆ. ಅದನ್ನು ಪ್ಯಾನಲ್ ಆಯಸ್ಸಿನುದ್ದಕ್ಕೂ ಹುಟ್ಟುವ ವಿದ್ಯುತ್ತಿಗೆ ಹಂಚಿರುತ್ತಾರೆ. ನನ್ನ ಮಾಡೆಲ್ ನೋಡಿದರೆ ಧಾರಾಳವಾಗಿ ಪ್ಯಾನಲ್ ಹಾಕಿ, ಮಧ್ಯಾಹ್ನ ಉಳಿದ ವಿದ್ಯುತ್ತನ್ನು ಸುಮ್ನೆ ಬಿಟ್ಟುಬಿಡುತ್ತಿತ್ತು. ಬಳಸದ ಯೂನಿಟ್ ಲೆಕ್ಕಕ್ಕೇ ಬರಲಿಲ್ಲ. ಅದರ ಪಾಲಿನ ಹೊಗೆಯೂ ಮಾಯ! ವರ್ಷಕ್ಕೆ ನಲವತ್ತು ಗಂಟೆ ಓಡಲೆಂದು ಕಟ್ಟಿದ ಗ್ಯಾಸ್ ಟರ್ಬೈನ್ ಕಥೆಯೂ ಇದೇ. ಉಕ್ಕು, ಕಾಂಕ್ರೀಟ್ ಎಲ್ಲ ಇದೆ, ಲೆಕ್ಕದಲ್ಲಿ ಮಾತ್ರ ಇಲ್ಲ.

ಹಾಗಾಗಿ ಎಲ್ಲ ಬಿಚ್ಚಬೇಕಾಯಿತು. ಎಕೋಇನ್ವೆಂಟ್ ಅನ್ನುವ ಎಲ್‌ಸಿಎ ದತ್ತಾಂಶ ಸಂಗ್ರಹದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಒಳಗೆ ಸ್ಥಾವರದ ಒಂದು ಚೂರು ಕೂತಿರುತ್ತದೆ, ಸೊನ್ನೆಗಳ ಸಾಲಿನ ಕೊನೆಯಲ್ಲಿ ಒಂದು ಅಂಕಿ. ಪ್ರತಿ ತಂತ್ರಜ್ಞಾನದಲ್ಲೂ ಅದನ್ನು ಹುಡುಕಿ ಹೊರಗೆ ತೆಗೆದೆ. ಕಟ್ಟುವ ಹೊಗೆ ಕಿಲೋವ್ಯಾಟ್ ಲೆಕ್ಕದಲ್ಲಿ, ಓಡಿಸುವ ಹೊಗೆ ಯೂನಿಟ್ ಲೆಕ್ಕದಲ್ಲಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ನೀರಿನ ಮೇಲಿನ ಬರಹ.

ಎರಡು ಸಲ ಎಣಿಸುವ ತಪ್ಪೂ ಆಗಿತ್ತು. ಪ್ಯಾನಲ್ ಕಾರ್ಖಾನೆ ಮಾಡೆಲ್‌ನ ಗಡಿಯೊಳಗೇ ಇದ್ದರೆ ಅದರ ಕರೆಂಟು ಮಾಡೆಲ್‌ನ ಬೇಡಿಕೆಯಲ್ಲಿ ಒಮ್ಮೆ, ಎಲ್‌ಸಿಎಯಲ್ಲಿ ಇನ್ನೊಮ್ಮೆ. ಎಲ್‌ಸಿಎ ಕಡೆ ಕತ್ತರಿಸಿದೆ.

ಆಮೇಲೆ ಕಾಲದ ತಲೆನೋವು. 2045ರಲ್ಲಿ ತಯಾರಾಗುವ ಪ್ಯಾನಲ್‌ಗೆ ಇವತ್ತಿನ ಕಲ್ಲಿದ್ದಲು ಕರೆಂಟಿನ ಲೆಕ್ಕ ಹಾಕುವುದು ಅನ್ಯಾಯ. ಪ್ರೆಮೈಸ್ ಅನ್ನುವ ಸಾಧನ ಭವಿಷ್ಯದ ಸನ್ನಿವೇಶಗಳನ್ನು ಇಟ್ಟುಕೊಂಡು ಎಕೋಇನ್ವೆಂಟನ್ನೇ ತಿದ್ದಿಕೊಡುತ್ತದೆ. ಆದರೆ ನನ್ನ ಜಗತ್ತಿನ 2045ರ ಕರೆಂಟು ಹೇಗಿರಬೇಕು ಅಂತ ಹೇಳಬೇಕಾದದ್ದು ನನ್ನ ಮಾಡೆಲ್ಲೇ! ಬೀಜ ಮೊದಲೋ ಮರ ಮೊದಲೋ. ಕೊನೆಗೆ ಮಾಡೆಲ್ ಓಡಿಸಿ, ಬಂದ ಉತ್ತರವನ್ನು ಎಲ್‌ಸಿಎಗೆ ಕೊಟ್ಟು, ಮತ್ತೆ ಓಡಿಸಿದೆ. ನಾಲ್ಕನೇ ಸುತ್ತಿಗೆ ಅಂಕಿಗಳು ನಿಂತವು.

ಈಗ ಹೊಗೆಯ ಗೆರೆ ಇಳಿಯುತ್ತಿದೆ, ತಾಮ್ರದ ಬಳಕೆಯ ಗೆರೆ ಏರುತ್ತಿದೆ. ಎರಡನ್ನೂ ಕಲಸಿ ಒಂದೇ ಅಂಕ ಕೊಡಿ ಅಂತ ಜೊತೆಯವರು ಕೇಳುತ್ತಿದ್ದಾರೆ. ನಾನು ಒಪ್ಪಿಲ್ಲ. ಒಂದು ಕಿಲೋ ತಾಮ್ರಕ್ಕೆ ಎಷ್ಟು ಕಿಲೋ ಹೊಗೆ ಸಮ ಅಂತ ಯಾವ ಮಾಡೆಲ್ಲೂ ಹೇಳುವುದಿಲ್ಲ, ಅದನ್ನು ನಾವೇ ಜೇಬಿನಿಂದ ತೆಗೆದು ಹಾಕಿರುತ್ತೇವೆ. ಎರಡು ಗೆರೆಯನ್ನೂ ಹಾಗೇ ಕಳಿಸುತ್ತೇನೆ. ಅದಕ್ಕೂ ಮೊದಲು ಬ್ಯಾಟರಿ ಇದೆ: ಆಯಸ್ಸು ಮಾಡೆಲ್‌ನಲ್ಲಿ 15 ವರ್ಷ, ನನ್ನ ಎಲ್‌ಸಿಎ ಕಡತದಲ್ಲಿ 10.