ಹಿಂದಿನ ಬಾಕ್ಸ್ ಕೊನೆಗೂ ದಾರಿಗೆ ಬಂತು: ನಡುರಾತ್ರಿಯ ಪ್ರೇಮಲೋಕ

ಶನಿವಾರ ನಡುರಾತ್ರಿ ಪ್ರೇಮಲೋಕ ಹಾಕಿದೆವು. ಕಡೇ ಸಾಲಿನವರಿಗೂ ಪ್ರತಿ ಪದ ಒಂದೇ ಸಲ ಕೇಳಿಸಿತು. ನನಗೆ ಇದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ. ಉದ್ದನೆಯ ಜಾಗದಲ್ಲಿ ಎರಡು ಜೋಡಿ ಸ್ಪೀಕರ್ ಬಾಕ್ಸ್ ಇಟ್ಟು ಒದ್ದಾಡಿದವರಿಗೆ ಇದು ಅರ್ಥ ಆಗುತ್ತೆ.

ಪರದೆ ಹೊಲಿದದ್ದು, ಪ್ರೊಜೆಕ್ಟರ್ ತೂಗುಹಾಕಿದ್ದು ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಜಾಗದ ಬಗ್ಗೆ ಮಾತ್ರ ಹೇಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಶೆಡ್ಡುಗಳಿಗೆ ಬರ ಇಲ್ಲ. ಅಂಥದ್ದೊಂದರ ಮಾಲೀಕರು ಈ ಸಿನಿಮಾದ ಕಟ್ಟಾ ಅಭಿಮಾನಿ. ಮಷೀನು ನಿಂತ ಮೇಲೆ ಟೇಬಲ್ ಸರಿಸಿ ಶೆಡ್ ಬಿಟ್ಟುಕೊಟ್ಟರು. ಉದ್ದ 30 ಮೀಟರ್, ಅಗಲ 10, ಮೇಲೆ ತಗಡು. ಟಿಕೆಟ್ ಇಲ್ಲ, ಬಂದವರೆಲ್ಲ ಗೆಳೆಯರು ಮತ್ತು ಅವರ ಮನೆಯವರು.

ನಡುರಾತ್ರಿಯೇ ಯಾಕೆ ಅಂತ ತುಂಬಾ ಜನ ಕೇಳಿದರು. ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದಲ್ಲಿ 1976ರಲ್ಲಿ ‘ರಾಕಿ ಹಾರರ್ ಪಿಕ್ಚರ್ ಶೋ’ ಅನ್ನೋ ಹಾಡಿನ ಸಿನಿಮಾದ ನಡುರಾತ್ರಿ ಪ್ರದರ್ಶನ ಶುರುವಾಯಿತು. ಜನ ವೇಷ ಹಾಕಿಕೊಂಡು ಹೋಗುತ್ತಾರೆ, ಮದುವೆ ದೃಶ್ಯಕ್ಕೆ ಅಕ್ಕಿ ಎರಚುತ್ತಾರೆ, ತೆರೆಯ ಮುಂದೆ ನಿಂತು ಪಾತ್ರಗಳ ಜೊತೆಗೇ ಅಭಿನಯಿಸುತ್ತಾರೆ. ಹಾಗೆ ಸೇರಿ ಹಾಡೋದಕ್ಕೆ ಕನ್ನಡದಲ್ಲಿ 1987ರ ಪ್ರೇಮಲೋಕ ಇದ್ದೇ ಇದೆಯಲ್ಲ! ರವಿಚಂದ್ರನ್ ಸಿನಿಮಾ, ಹಂಸಲೇಖ ಹಾಡು. ಮಾತನ್ನೇ ಹಾಡು ಮಾಡಿದ್ದಾರೆ. ಒಬ್ಬರು ಕೇಳ್ತಾರೆ, ಇನ್ನೊಬ್ಬರು ಉತ್ತರ ಕೊಡ್ತಾರೆ. ನಾವೂ ಹಾಗೇ ಎರಡು ಪಾರ್ಟಿ ಮಾಡಿಕೊಂಡು ಹಾಡಬೇಕು ಅನ್ನೋದು ಆಸೆ.

ತೊಂದರೆ ಅಲ್ಲೇ ಶುರುವಾಗಿದ್ದು. ಮುಂದಿನವರು ಹಾಡೋಕೆ ಹಿಡಿದರೆ ಹಿಂದಿನವರಿಗೆ ಸಿನಿಮಾ ಕೇಳಿಸೋದಿಲ್ಲ. ಹಾಗಾಗಿ ಪರದೆಯಿಂದ 21 ಮೀಟರ್ ದೂರದ ಕಂಬಗಳಿಗೆ ಇನ್ನೊಂದು ಜೋಡಿ ಬಾಕ್ಸ್ ಕಟ್ಟಿದೆವು. ಕಟ್ಟಿದ ಕೂಡಲೇ ಎಲ್ಲ ಕಲಸಿಹೋಯಿತು. ವೈರಿನಲ್ಲಿ ಹೋದ ಹಾಡು ಹಿಂದಿನ ಬಾಕ್ಸಿಗೆ ತಕ್ಷಣ ತಲುಪುತ್ತದೆ. ಮುಂದಿನ ಬಾಕ್ಸಿನ ದನಿ ಮಾತ್ರ ಗಾಳಿಯಲ್ಲಿ ನಡೆದು ಬರಬೇಕು. ನಮ್ಮೂರಿನ ಸೆಕೆಯಲ್ಲಿ ಅದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. 21 ಮೀಟರಿಗೆ 60 ಮಿಲಿಸೆಕೆಂಡ್. ‘ಅಣ್ಣಾ, ಇಲ್ಲಿ ಇಬ್ಬಿಬ್ಬರು ಬಾಲಸುಬ್ರಹ್ಮಣ್ಯಂ ಹಾಡ್ತಿದಾರೆ’ ಅಂತ ಹಿಂದಿನಿಂದ ಒಬ್ಬ ಹುಡುಗ ಕೂಗಿದ. ಒಂದು ಚಪ್ಪಾಳೆಯನ್ನ ಎರಡೂ ಜೋಡಿ ಬಾಕ್ಸಿನಲ್ಲಿ ಹಾಕಿ, ಹಿಂದಿನಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದನಿಯನ್ನ ಗೆರೆಯಾಗಿ ತೋರಿಸೋ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ನೋಡಿದರೆ ಎರಡು ಮುಳ್ಳು, ನಡುವೆ ಸರಿಯಾಗಿ ಅಷ್ಟೇ ಅಂತರ. ಅದರ ಹಿಂದೆ ತಗಡಿಗೂ ಗೋಡೆಗೂ ಬಡಿದು ಬಂದ ಸಣ್ಣ ಸಣ್ಣ ಮುಳ್ಳುಗಳು.

ಹಿಂದಿನ ಜೋಡಿಯನ್ನ ತಡ ಮಾಡಬೇಕು, ಅಷ್ಟೇ. ಅದಕ್ಕೆ ಆನ್‌ಲೈನಿನಲ್ಲಿ ಮಿಕ್ಸರ್ ತರಿಸಿದೆ. ‘ಡಿಲೇ ಇದೆ’ ಅಂತ ದೊಡ್ಡದಾಗಿ ಬರೆದಿದ್ದರು. ಬಂದದ್ದು ಆರ್ಕೆಸ್ಟ್ರಾದವರು ‘ಹಲೋ ಹಲೋ’ ಅನ್ನೋಕೆ ಇಟ್ಟುಕೊಳ್ಳೋ ಎಕೋ ಗುಂಡಿ! ನನಗಿರೋದೇ ಎಕೋ ಕಾಟ, ಅದಕ್ಕೆ ಇನ್ನೊಂದು ಎಕೋ ಕಳಿಸಿದ್ದಾರೆ. ವಾಪಸ್ ತಗೊಳ್ಳೋಕೂ ಸತಾಯಿಸಿದರು. ಇಂಥ ಮಾರಾಟಗಾರರ ಮೇಲೆ ಇನ್ನೂ ಸಿಟ್ಟಿದೆ.

ಕೊನೆಗೆ ಕೆಲಸ ಮಾಡಿದ್ದು ಲ್ಯಾಪ್‌ಟಾಪಿನ ದನಿ ತಿದ್ದೋ ಸಾಫ್ಟ್‌ವೇರ್, ಈಕ್ವಲೈಸರ್ ಎಪಿಒ. ಎಡ, ಬಲ ಎರಡನ್ನೂ ಬೆರೆಸಿ ಒಂದು ಮಾಡಿ, ಎಡ ಚಾನೆಲ್ ಮುಂದಿನ ಬಾಕ್ಸಿಗೆ, ಬಲ ಚಾನೆಲ್ ಹಿಂದಿನದಕ್ಕೆ. ಬಲಕ್ಕೆ 72 ಮಿಲಿಸೆಕೆಂಡ್ ಡಿಲೇ. 60 ಲೆಕ್ಕದ್ದು. ಮೇಲಿನ 12 ಕಿವಿಗೋಸ್ಕರ, ಯಾಕಂದ್ರೆ ಮೊದಲು ಬಂದ ದನಿಯ ಕಡೆಗೇ ಕಿವಿ ತಿರುಗುತ್ತದೆ. ಈಗ ಹಿಂದೆ ಕೂತವರಿಗೂ ಹಾಡು ಪರದೆಯಿಂದಲೇ ಬಂದ ಹಾಗೆ. ಹಿಂಬದಿ ಗೋಡೆಗೆ ಡೆನಿಮ್ ಥಾನುಗಳನ್ನ ಆಳೆತ್ತರ ಒಟ್ಟಿದೆವು. ಒರಟು ನೀಲಿ ಬಟ್ಟೆ, ಗಂಜಿ ವಾಸನೆ. ಸಣ್ಣ ಮುಳ್ಳುಗಳಲ್ಲಿ ಅರ್ಧದಷ್ಟು ಮಾಯ.

ಪ್ರೊಜೆಕ್ಟರ್ ಬೇರೆ ಚಿತ್ರವನ್ನ ತಡ ಮಾಡುತ್ತಿತ್ತು. ಓರೆಯಾದ ಚಿತ್ರವನ್ನ ನೆಟ್ಟಗೆ ಮಾಡೋ ಕೀಸ್ಟೋನ್ ತಿದ್ದುಪಡಿ ತೆಗೆದು ನೇರವಾಗಿ ಕೂರಿಸಿದೆ. ಉಳಿದದ್ದಕ್ಕೆ ಸಿನಿಮಾ ಓಡಿಸೋ ವಿಎಲ್‌ಸಿ ಪ್ಲೇಯರಿನಲ್ಲಿ ಕೆ ಒತ್ತಿದರೆ ದನಿ 50 ಮಿಲಿಸೆಕೆಂಡ್ ತಡವಾಗುತ್ತದೆ. ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೂ ಗೊತ್ತಾಗುತ್ತೆ, ತಡವಾದರೆ ಸುಮಾರು 125ರವರೆಗೆ ಗೊತ್ತಾಗೋದಿಲ್ಲ. ಹಗರಿ ದಂಡೆಯಲ್ಲಿ ದೂರದಲ್ಲಿ ಬಟ್ಟೆ ಒಗೆಯೋರನ್ನ ನೋಡಿದ ಹಾಗೆ, ಕೈ ಮೊದಲು, ಸದ್ದು ಆಮೇಲೆ. ಆ ತಡ ನಮಗೆ ರೂಢಿಯಾಗಿದೆ.

ಈ ಮಧ್ಯೆ ಮುಂದಿನ ಕೆಲಸ ತಲೆಗೆ ಹೊಕ್ಕಿದೆ. ನಟಿಸೋರನ್ನ ತೆರೆಯ ಮುಂದೆ ನಿಲ್ಲಿಸೋ ಬದಲು ಪಕ್ಕದಲ್ಲಿ ಇನ್ನೊಂದು ಪರದೆ ಕಟ್ಟಿ, ಅದರ ಹಿಂದೆ ತೊಗಲುಗೊಂಬೆ ಆಡಿಸಿದರೆ? ನಮ್ಮ ಪಕ್ಕದ ಕೊಪ್ಪಳದ ಮೊರನಾಳದ ಭೀಮವ್ವ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಕಲೆ. ಹದ ಮಾಡಿದ ತೊಗಲಿನ ಮೂಲಕ ಬೆಳಕು ಹಾಯೋದರಿಂದ ನೆರಳಿಗೂ ಬಣ್ಣ ಇರುತ್ತದೆ. ಒಂದು ಬೈಕು, ಒಂದು ಜೋಡಿ, ಗಾಳಿಗೆ ಹಾರೋ ದುಪಟ್ಟಾ. ಕಲಾವಿದರನ್ನ ಕೇಳಿಯೇ ಮಾಡಿಸಬೇಕು. ದೀಪಕ್ಕೆ ಬೆಳಕು ಹರಡೋ ಮುಚ್ಚಳ (ಡಿಫ್ಯೂಸರ್) ಇಲ್ಲದ ಒಂಟಿ ಎಲ್‌ಇಡಿ ಸಾಕು ಅನ್ನಿಸುತ್ತೆ, ಬೆಳಕಿನ ಬಿಂದು ಚಿಕ್ಕದಾದಷ್ಟು ಅಂಚು ಚೂಪು.

ಸರಿ, ಶನಿವಾರಕ್ಕೆ ಬರೋಣ. ಬಾಕ್ಸ್ ಸರಿಹೋದರೂ ಜನರ ದನಿಗೆ ಡಿಲೇ ಹಾಕೋಕೆ ಬರೋದಿಲ್ಲ ಅಲ್ವಾ? ಹಿಂದಿನವರು ಕೊಟ್ಟ ಉತ್ತರ ಮುಂದಿನವರಿಗೆ ತಡವಾಗೇ ಮುಟ್ಟುತ್ತದೆ. ಅದಕ್ಕೆ ಕೇಳೋ ಪಾರ್ಟಿ ಎಡಕ್ಕೆ, ಉತ್ತರ ಕೊಡೋ ಪಾರ್ಟಿ ಬಲಕ್ಕೆ ಕೂರಿಸಿದೆವು. ಅಗಲ 10 ಮೀಟರೇ, 29 ಮಿಲಿಸೆಕೆಂಡಿನ ಮಾತು. ಮೊದಲ ಹಾಡಿನಲ್ಲೇ ಎಡದ ಹುಡುಗರು ಕೇಳಿದರು, ಬಲದಿಂದ ಅಕ್ಕಂದಿರು ತಾಳ ತಪ್ಪದೆ ತಿರುಗೇಟು ಕೊಟ್ಟರು. ಮಾಲೀಕರ ಅಮ್ಮ ಎದ್ದು ನಿಂತು ಹಾಡಿದರು. ಇಂಟರ್ವಲ್‌ನಲ್ಲಿ ಒಗ್ಗಾಣಿ, ಮಿರ್ಚಿ ತಿನ್ನುತ್ತಲೂ ಹಾಡು ನಿಲ್ಲಲಿಲ್ಲ.

ಮುಂದಿನ ಸಲ ಕಂಬದ ಬಾಕ್ಸನ್ನ ಇನ್ನೂ ಒಂದಡಿ ಮೇಲಕ್ಕೆ ಕಟ್ಟಬೇಕು. ಎದ್ದು ಕುಣಿಯೋರ ತಲೆ ಅಡ್ಡ ಬರ್ತಿತ್ತು.