ಕೆಂಪು ಗೆರೆ ಹೇಳಿದ್ದು, ಹೇಳದೆ ಬಿಟ್ಟದ್ದು

ಉಡುಪಿಯ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 13 ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಟೈಪ್ ಮಾಡುವುದು, ಪುಟ ಕಟ್ಟುವುದು, ಪ್ರೂಫ್ ನೋಡುವುದು, ಮೂರೂ ನನ್ನ ಪಾಲಿಗೆ. ಮಕರ ಸಂಕ್ರಾಂತಿಯಿಂದ ಮೇ ತಿಂಗಳ ಪತ್ತನಾಜೆಯವರೆಗೆ ನಮಗೆ ಪುರುಸೊತ್ತೇ ಇಲ್ಲ. ಬ್ರಹ್ಮಕಲಶದ ಆಮಂತ್ರಣ, ದೈವದ ನೇಮದ ಕಾರ್ಡು, ಯಕ್ಷಗಾನದ ಕರಪತ್ರ, ಅದರ ನಡುವೆ ಮದುವೆ ಕಾಗದ. ಒಂದಕ್ಷರ ತಪ್ಪಿದರೆ ಊರಿಡೀ ತಪ್ಪು ಹಂಚಿದ ಹಾಗೆ.

ಮೂರು ವರ್ಷದ ಹಿಂದೆ ಒಂದು ದೇವಸ್ಥಾನದ ಸ್ಮರಣ ಸಂಚಿಕೆ ಬಂತು. ಲೇಖನಗಳು ನಾಲ್ಕು ಕಡೆಯಿಂದ ನಾಲ್ಕು ರೀತಿ ಬಂದವು. ಒಂದು ಲೇಖನವನ್ನು ಎರಡು ಸಲ ಓದಿ, ಸರಿ ಇದೆ ಅಂತ ಬದಿಗಿಟ್ಟಿದ್ದೆ. ಸುಮ್ನೆ ಒಂದು ಸಲ ನೋಡೋಣ ಅಂತ ಅದನ್ನು ಕನ್ನಡದ ಕಾಗುಣಿತ ನೋಡುವ ಒಂದು ತಾಣದಲ್ಲಿ ಅಂಟಿಸಿದೆ. ಸಾಲು ಸಾಲಿಗೂ ಕೆಂಪು ಗೆರೆ. ಮಂಗಳೂರು ತಪ್ಪಂತೆ, ಸಂಘ ತಪ್ಪಂತೆ, ಅಂಬಲಪಾಡಿಯೂ ತಪ್ಪಂತೆ. ತಾಣವೇ ಕೆಟ್ಟಿದೆ ಅಂದುಕೊಂಡೆ. ಮಂಗಳೂರು ಅನ್ನುವುದನ್ನು ಅಳಿಸಿ ನಾನೇ ಮತ್ತೆ ಟೈಪ್ ಮಾಡಿದೆ. ಗೆರೆ ಹೋಯಿತು. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತಿದ್ದವು.

ಅರ್ಥವಾಗಲು ಅರ್ಧ ದಿನ ಹಿಡಿಯಿತು. ಲೇಖಕರು ಅನುಸ್ವಾರದ ಜಾಗದಲ್ಲೆಲ್ಲ ಕನ್ನಡದ ಅಂಕಿ ಸೊನ್ನೆ ಹಾಕಿದ್ದರು. ಕಣ್ಣಿಗೆ ಎರಡೂ ದುಂಡು. ಆದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ 0ಸಿ82, ಸೊನ್ನೆಯದು 0ಸಿಇ6. ಹಾಗಾಗಿ 'ಮ೦ಗಳೂರು' ಅಂತ ಸೊನ್ನೆ ಹಾಕಿ ಬರೆದರೆ ಕಂಪ್ಯೂಟರಿಗೆ ಅದು ಮ, ಆಮೇಲೆ ಒಂದು ಅಂಕಿ, ಆಮೇಲೆ ಗಳೂರು. ಹುಡುಕಿದರೆ ಸಿಗುವುದಿಲ್ಲ. ಫಾಂಟ್ ಬದಲಿಸಿದರೆ ಕೆಲವು ಸಲ ಸೊನ್ನೆ ಎದ್ದು ಕಾಣುತ್ತದೆ. ಕನ್ನಡ ಟೈಪ್ ಮಾಡುವ ತಂತ್ರಾಂಶ ನುಡಿಯ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಎಂ ಒತ್ತಿದರೆ ಅನುಸ್ವಾರ ಬರುತ್ತದೆ. ಆ ವಿನ್ಯಾಸಕ್ಕೆ ಆಧಾರ ಹಾಕಿಕೊಟ್ಟ ಕೆ. ಪಿ. ರಾವ್ ನಮ್ಮ ಮಂಗಳೂರು ಹತ್ತಿರದ ಕಿನ್ನಿಕಂಬಳದವರು ಅನ್ನುವುದು ನನಗೆ ಯಾವಾಗಲೂ ಹೆಮ್ಮೆ. ಈಗ ಯಾವ ಫೈಲ್ ಬಂದರೂ ಮೊದಲು ಸೊನ್ನೆಯನ್ನು ಹುಡುಕುತ್ತೇನೆ. ಇಸವಿ, ಬೆಲೆ ಬಿಟ್ಟು ಬೇರೆಲ್ಲಿ ಸಿಕ್ಕರೂ ಬದಲಿಸುತ್ತೇನೆ.

ಹಳೆಯ ನುಡಿ ಫೈಲ್‌ಗಳ ಕಥೆ ಬೇರೆ. ಅಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂತಿರುತ್ತದೆ. ಬ್ರೌಸರ್‌ನಲ್ಲಿ ಅಂಟಿಸಿದರೆ ಏನೇನೋ ಚಿಹ್ನೆ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ಹಳೆಯ ಕ್ರಮದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಅದಲು ಬದಲಾಗುವುದು ಅಲ್ಲೇ.

ಇನ್ನು ಬ್ರೌಸರ್ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಇಂದಿಗೂ ಬೇಸರವಾಗುವ ಸಂಗತಿ ಇದು.

ಒಬ್ಬರು ಹಿರಿಯರು ಮನೆ ಪಾಲಿನ ಕರಡು ಟೈಪ್ ಮಾಡಿಸಲು ಬಂದಿದ್ದರು. ಇಂಗ್ಲಿಷಿನಲ್ಲಿ ಏಳು ಪುಟ. ಸರ್ವೆ ನಂಬರು, ತಂಗಿಯಂದಿರ ಹೆಸರು, ಯಾರಿಗೆ ಎಷ್ಟು ಅನ್ನುವುದೆಲ್ಲ ಅದರಲ್ಲಿತ್ತು. "ಇದು ನಿಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ ಅಲ್ವಾ ಅಮ್ಮಾ?" ಅಂತ ಕೇಳಿದರು. "ಇಲ್ಲ ಮಾರಾಯ್ರೇ, ಎಲ್ಲಿಗೆ ಹೋಗುತ್ತದೆ?" ಅಂದೆ. ಬ್ರೌಸರ್‌ನಲ್ಲೇ ಟೈಪ್ ಮಾಡಿ, ಕೆಂಪು ಗೆರೆ ನೋಡಿ ತಿದ್ದಿ, ಪ್ರಿಂಟ್ ಕೊಟ್ಟೆ.

ಅವರ ಪ್ರಶ್ನೆ ತಲೆಯಲ್ಲೇ ಉಳಿಯಿತು. ಸಂಜೆ ಕ್ರೋಮ್‌ನ ಸೆಟ್ಟಿಂಗ್ಸ್ ತೆರೆದೆ. ಭಾಷೆಗಳ ಭಾಗದಲ್ಲಿ ಸ್ಪೆಲ್ ಚೆಕ್ ಎರಡು ಬಗೆ: ಬೇಸಿಕ್, ಎನ್‌ಹಾನ್ಸ್ಡ್. ಬೇಸಿಕ್ ಆದರೆ ತಪಾಸಣೆ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಎನ್‌ಹಾನ್ಸ್ಡ್ ಆದರೆ ನಾವು ಟೈಪ್ ಮಾಡಿದ್ದು ಗೂಗಲ್‌ಗೆ ಹೋಗಿ ನೋಡಿಸಿಕೊಂಡು ಬರುತ್ತದೆ. ಅದನ್ನು ಅಲ್ಲಿ ಬರೆದೇ ಇದ್ದಾರೆ. ನಮ್ಮಲ್ಲಿ ಎನ್‌ಹಾನ್ಸ್ಡ್ ಆನ್ ಆಗಿತ್ತು. ಒಳ್ಳೆಯ ಸಲಹೆ ಬರಲಿ ಅಂತ ಯಾವತ್ತೋ ನಾನೇ ಒತ್ತಿದ್ದು. ಮರುದಿನ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು" ಅಂದರು. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೋ ಏನೋ.

2022ರಲ್ಲಿ ಭದ್ರತಾ ಸಂಶೋಧಕರು ಇನ್ನೂ ಒಂದು ವಿಷಯ ತೋರಿಸಿದ್ದರು. ಪಾಸ್‌ವರ್ಡ್ ಹಾಕುವಾಗ 'ತೋರಿಸು' ಅನ್ನುವುದನ್ನು ಒತ್ತಿದರೆ, ಕ್ರೋಮ್‌ನ ಎನ್‌ಹಾನ್ಸ್ಡ್ ತಪಾಸಣೆ ಮತ್ತು ಮೈಕ್ರೋಸಾಫ್ಟ್ ಬ್ರೌಸರ್ ಎಜ್‌ನ ಎಡಿಟರ್ ಆ ಪಾಸ್‌ವರ್ಡನ್ನೂ ಹೊರಗೆ ಕಳಿಸುವ ಸಾಧ್ಯತೆ ಇತ್ತು. ಸೈಬರ್ ಸೆಂಟರ್‌ಗಳಲ್ಲಿ ಜನರ ಅರ್ಜಿ ತುಂಬಿಸಿಕೊಡುವವರು ಇದನ್ನು ಗಮನಿಸಲೇಬೇಕು.

ಅಂದಿನಿಂದ ನಮ್ಮಲ್ಲಿ ಎರಡು ಬ್ರೌಸರ್. ಗಿರಾಕಿಗಳ ಖಾಸಗಿ ಬರಹಕ್ಕೆ ಫೈರ್‌ಫಾಕ್ಸ್. 2006ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಅದರಲ್ಲಿ ಕಾಗುಣಿತ ತಪಾಸಣೆ ಇದೆ, ನಿಘಂಟು ನಮ್ಮ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಉಳಿದ ಓಡಾಟಕ್ಕೆ ಕ್ರೋಮ್, ಅದೂ ಬೇಸಿಕ್‌ಗೆ ಇಳಿಸಿ. ಎಜ್ 2020ರಿಂದ ಕ್ರೋಮ್‌ನ ಬುನಾದಿಯ ಮೇಲೇ ನಿಂತಿದೆ, ಹಾಗಾಗಿ ಮೂರನೆಯದು ಬೇಕು ಅನಿಸಲಿಲ್ಲ. ಅಂಟಿಸಿ ನೋಡುವ ತಾಣಗಳಲ್ಲಿ, ಹೇಗೂ ಊರಿಗೆಲ್ಲ ಹಂಚುವ ಬರಹ ಮಾತ್ರ. ಉಯಿಲು, ದೂರು, ಆಸ್ಪತ್ರೆ ಕಾಗದ ಅಲ್ಲಿಗೆ ಹೋಗಬಾರದು.

ಫೈರ್‌ಫಾಕ್ಸ್‌ನಲ್ಲಿ ನಾವಾಗಿ ಸೇರಿಸಿದ ಪದಗಳು ಪರ್ಸ್‌ಡಿಕ್ಟ್ ಅನ್ನುವ ಒಂದು ಸಾದಾ ಫೈಲ್‌ನಲ್ಲಿ, ಸಾಲಿಗೊಂದರಂತೆ ಉಳಿಯುತ್ತವೆ. ಕಟಪಾಡಿ, ಪಡುಬಿದ್ರಿ, ಹೆಜಮಾಡಿ, ಕೋಟ್ಯಾನ್, ಸಾಲ್ಯಾನ್ ಎಲ್ಲದರ ಇಂಗ್ಲಿಷ್ ರೂಪವನ್ನು ಸೇರಿಸಿಟ್ಟಿದ್ದೇನೆ. ಹೊಸ ಕಂಪ್ಯೂಟರ್ ಬಂದಾಗ ಆ ಫೈಲ್ ಕಾಪಿ ಮಾಡಿದರೆ ಆಯಿತು. ಆದರೆ ವರ್ಷಕ್ಕೊಮ್ಮೆ ತೆರೆದು ಓದಬೇಕು. ಅವಸರದಲ್ಲಿ ತಪ್ಪು ಪದವನ್ನೇ ಸೇರಿಸಿದರೆ ಮತ್ತೆಂದೂ ಅದರ ಕೆಳಗೆ ಗೆರೆ ಬೀಳುವುದಿಲ್ಲ.

ಕನ್ನಡಕ್ಕೆ ಕೆಂಪು ಗೆರೆ ಜಾಸ್ತಿ ಬೀಳುವುದು ಯಾಕೆ ಅಂತ ಹೊಸ ಹುಡುಗರು ಕೇಳುತ್ತಾರೆ. ಮರ ಅನ್ನುವ ಒಂದು ಪದ ಮರಕ್ಕೆ, ಮರದಲ್ಲಿ, ಮರದಲ್ಲಿದ್ದ, ಮರದಲ್ಲಿದ್ದವುಗಳನ್ನೂ ಅಂತ ಬೆಳೆಯುತ್ತಲೇ ಹೋಗುತ್ತದೆ. ಎಲ್ಲವನ್ನೂ ಪಟ್ಟಿಯಲ್ಲಿ ಬರೆದಿಡಲು ಆಗುವುದಿಲ್ಲ. ಫೈರ್‌ಫಾಕ್ಸ್ ಒಳಗಿರುವ ಕಾಗುಣಿತ ತಪಾಸಕ ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ಹೀಗೆ ಪ್ರತ್ಯಯ ಪೋಣಿಸುವ ಭಾಷೆ. ಮೂಲ ಪದದ ಜೊತೆ ಪ್ರತ್ಯಯದ ನಿಯಮ ಬರೆದಿಡುವುದು ಅದರ ದಾರಿ. ನಿಯಮ ಎಷ್ಟು ಚೆನ್ನಾಗಿ ಬರೆದಿದ್ದಾರೋ ಅಷ್ಟು ಚೆನ್ನಾಗಿ ಅದು ಕೆಲಸ ಮಾಡುತ್ತದೆ. ಸಂಧಿ, ಸಮಾಸ ಬಂದಲ್ಲಿ ತೊಡಕುತ್ತದೆ. ಸಂಶಯ ಬಂದಾಗ ನಾನು ಗೆರೆಯನ್ನಲ್ಲ, ನಿಘಂಟನ್ನು ನೋಡುತ್ತೇನೆ. ಅಲರ್ ಅನ್ನುವ ಆನ್‌ಲೈನ್ ನಿಘಂಟಿನಲ್ಲಿ ಒಂದೂವರೆ ಲಕ್ಷ ಪದಗಳಿವೆ, ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ್ದು. ಹಳೆಯ ಪದವಾದರೆ ಕಿಟ್ಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅದನ್ನು ಅಚ್ಚು ಹಾಕಿದಾಗ ಮೊಳೆ ಜೋಡಿಸಿ ಪ್ರೂಫ್ ನೋಡಿದವರನ್ನು ನಾನು ಆಗಾಗ ನೆನೆಯುತ್ತೇನೆ.

ಗೆರೆ ಬೀಳದ ತಪ್ಪೂ ಇದೆ. ಒಂದು ಆಮಂತ್ರಣದಲ್ಲಿ 'ಧನ ಸಹಾಯ' ಹೋಗಿ 'ದನ ಸಹಾಯ' ಆಗಿತ್ತು. ದನವೂ ಸರಿಯಾದ ಪದವೇ. ಯಂತ್ರ ಸುಮ್ಮನಿತ್ತು. ಅಚ್ಚಿಗೆ ಹೋಗುವ ಮೊದಲು ಬೈಂಡಿಂಗ್ ಅಕ್ಕ ಜೋರಾಗಿ ಓದಿದ್ದರಿಂದ ಉಳಿಯಿತು. ಈಗ ಪ್ರತಿ ಪ್ರೂಫನ್ನೂ ಇಬ್ಬರು ನೋಡುತ್ತೇವೆ. ಒಬ್ಬರು ಓದುವುದು, ಇನ್ನೊಬ್ಬರು ಮೂಲ ಹಿಡಿದು ಕೂರುವುದು.

ಕಳೆದ ವರ್ಷ ಒಂದು ಮನೆಯ ನೇಮದ ಕಾಗದ ಬಂತು. ನಾನು ರಜೆಯಲ್ಲಿದ್ದೆ. ಹೊಸದಾಗಿ ಸೇರಿದ ಹುಡುಗ ಕೂತಿದ್ದ. 'ಜುಮಾದಿ' ಅನ್ನುವಲ್ಲೆಲ್ಲ ಗೆರೆ ಬಿತ್ತು. ಜುಮಾದಿ, ಧೂಮಾವತಿ ಎರಡೂ ಒಂದೇ ದೈವದ ಹೆಸರು ಅಂತ ಅವನಿಗೆ ಗೊತ್ತಿತ್ತು, ಎಲ್ಲವನ್ನೂ 'ಧೂಮಾವತಿ' ಮಾಡಿದ. ಗೆರೆ ಹೋಯಿತು. 500 ಪ್ರತಿ ಅಚ್ಚಾಯಿತು.

ಕಾಗದ ಒಯ್ಯಲು ಆ ಮನೆಯ ಅಜ್ಜಿಯೇ ಬಂದರು. ಕನ್ನಡಕ ಹಾಕಿ ಓದಿದರು. "ಮಗಾ, ಹೆಸರು ತಪ್ಪಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೂ ಹೀಗೆ ಕರೆದದ್ದಿಲ್ಲ" ಅಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅಷ್ಟನ್ನೂ ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿದೆವು. ಮರುದಿನ ಪರ್ಸ್‌ಡಿಕ್ಟ್ ಫೈಲ್ ತೆರೆದಾಗ ಕೊನೆಯ ಸಾಲಿನಲ್ಲಿ ಜುಮಾದಿ ಇತ್ತು. ಅವನೇ ಸೇರಿಸಿದ್ದ.