ತಳ್ಳುವ ಬದಲು ಎಳೆದರೆ: ಕರೆಂಟ್ ಕೊಟ್ಟು ನ್ಯಾನೋ ಪ್ರಿಂಟಿಂಗ್

ಮಾಮೂಲಿ ಇಂಕ್‌ಜೆಟ್ ಪ್ರಿಂಟರ್ ಇಂಕನ್ನು ಹಿಂದಿನಿಂದ ತಳ್ಳುತ್ತದೆ. ಕೆಲವದರಲ್ಲಿ ಬಿಸಿಗೆ ಎದ್ದ ಗುಳ್ಳೆ ತಳ್ಳುತ್ತದೆ, ಕೆಲವದರಲ್ಲಿ ಕರೆಂಟ್ ಕೊಟ್ಟರೆ ಆಕಾರ ಬದಲಿಸುವ ಪೀಜೋ ಹರಳು. ಹನಿಯ ಗಾತ್ರ ಹೆಚ್ಚುಕಡಿಮೆ ತೂತಿನಷ್ಟೇ ಇರುತ್ತದೆ. ಹಾಗಿದ್ರೆ ತೂತನ್ನೇ ಚಿಕ್ಕದು ಮಾಡಿದರೆ ಆಯ್ತಲ್ವಾ? ಆಗಲ್ಲ. ತೂತು ಕಿರಿದಾದಷ್ಟೂ ಸರ್ಫೇಸ್ ಟೆನ್ಷನ್ ಹನಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೀರನ್ನೇ ಲೆಕ್ಕಕ್ಕೆ ತಗೊಳ್ಳಿ: 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ತ್ರಿಜ್ಯದ ಬಾಯಿಂದ ಹನಿ ಹೊರಗೆ ಬರಲು ಗಾಳಿಯ ಒತ್ತಡದ ಸುಮಾರು 1.4 ಪಟ್ಟು ಬೇಕು, 100 ನ್ಯಾನೋಮೀಟರಿಗೆ, ಅಂದರೆ ಅದರ ಹತ್ತನೇ ಒಂದು ಭಾಗಕ್ಕೆ, ಇಳಿದರೆ 14 ಪಟ್ಟು. ಜೊತೆಗೆ ಅಷ್ಟು ಸಣ್ಣ ತೂತು ಕಟ್ಟಿಕೊಳ್ಳುವುದು ಬೇರೆ.

ಎಲೆಕ್ಟ್ರೋಹೈಡ್ರೋಡೈನಮಿಕ್ ಜೆಟ್, ಚಿಕ್ಕದಾಗಿ ಇ-ಜೆಟ್, ಇದನ್ನು ತಿರುವುಮುರುವು ಮಾಡುತ್ತದೆ. ಹಿಂದಿನಿಂದ ತಳ್ಳುವ ಬದಲು ಮುಂದಿನಿಂದ ಎಳೆಯುತ್ತದೆ. ನಾಝಲ್‌ಗೂ (ಇಂಕ್ ಹೊರಬರುವ ಕೊಳವೆಯ ಬಾಯಿ) ಪ್ರಿಂಟ್ ಬೀಳಬೇಕಾದ ಕೆಳಗಿನ ತಟ್ಟೆಗೂ ನಡುವೆ ವೋಲ್ಟೇಜ್ ಕೊಟ್ಟರೆ ದ್ರವದ ಮೇಲ್ಮೈಗೆ ಚಾರ್ಜ್ ಬಂದು ಸೇರುತ್ತದೆ. ಕೆಳಗಿನ ತಟ್ಟೆ ಅದನ್ನು ತನ್ನತ್ತ ಸೆಳೆಯುತ್ತದೆ. ಉಬ್ಬಿದ ಹನಿ ನಿಧಾನಕ್ಕೆ ಚೂಪಾಗಿ ಶಂಕುವಿನ ಆಕಾರಕ್ಕೆ ಬರುತ್ತದೆ, ತುದಿಯಿಂದ ಮಾತ್ರ ಒಂದು ತೆಳುವಾದ ಎಳೆ ಹೊರಡುತ್ತದೆ. ಆ ಎಳೆ ನಾಝಲ್‌ಗಿಂತ ಎಷ್ಟೋ ಸಪೂರ. ಇಡೀ ವಿಷಯದ ಜೀವ ಇರುವುದು ಇಲ್ಲೇ: ದೊಡ್ಡ ತೂತಿನಿಂದ ಸಣ್ಣ ಹನಿ.

ವಿಷಯ ಹೊಸದೇನಲ್ಲ. ಉಜ್ಜಿದ ಅಂಬರ್ (ಗಟ್ಟಿಯಾದ ಹಳೇ ಮರದ ಅಂಟು) ಹತ್ತಿರ ಹಿಡಿದರೆ ನೀರಹನಿ ಅದರ ಕಡೆಗೆ ಚೂಪಾಗುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದಿದ್ದ. ಭೌತವಿಜ್ಞಾನಿ ಜಾನ್ ಝೆಲೆನಿ 1910ರ ದಶಕದಲ್ಲಿ ಇದರ ಫೋಟೋ ತೆಗೆದ. ಬ್ರಿಟನ್ನಿನ ಭೌತವಿಜ್ಞಾನಿ ಜಿ. ಐ. ಟೇಲರ್ 1964ರಲ್ಲಿ ಲೆಕ್ಕ ಹಾಕಿ, ಶಂಕುವಿನ ಅರ್ಧಕೋನ 49.3 ಡಿಗ್ರಿ ಇರಬೇಕು ಎಂದು ತೋರಿಸಿದ. ಅದಕ್ಕೇ ಟೇಲರ್ ಕೋನ್ ಅನ್ನೋ ಹೆಸರು. ಇದನ್ನು ನಿಖರವಾದ ಪ್ರಿಂಟಿಂಗ್‌ಗೆ ಬಳಸಬಹುದು ಅಂತ 2007ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ರಾಜರ್ಸ್ ತಂಡ ತೋರಿಸಿದ ಮೇಲೆ ತುಂಬಾ ಜನ ಇದರ ಹಿಂದೆ ಬಿದ್ದರು.

ಗಾಜಿನ ಕೊಳವೆಯನ್ನು ಬಿಸಿ ಮಾಡಿ ಎಳೆದು, ತುದಿಯನ್ನು ಒಂದೆರಡು ಮೈಕ್ರಾನಿಗೆ ತಂದು, ಮೇಲೆ ತೆಳುವಾಗಿ ಚಿನ್ನ ಲೇಪಿಸಿದರೆ ನಾಝಲ್ ರೆಡಿ. ತಟ್ಟೆಯಿಂದ 30 ಮೈಕ್ರಾನ್ ಎತ್ತರದಲ್ಲಿಟ್ಟು 300 ವೋಲ್ಟ್ ಕೊಟ್ಟಿರಿ ಅಂದುಕೊಳ್ಳಿ. ಅಂದರೆ ಮೀಟರಿಗೆ 1 ಕೋಟಿ ವೋಲ್ಟ್! ಮಾಮೂಲಿ ಗಾಳಿಯಲ್ಲಿ ಸುಮಾರು 30 ಲಕ್ಷಕ್ಕೇ ಕಿಡಿ ಹಾರುತ್ತದೆ. ಇಲ್ಲಿ ಹಾರಲ್ಲ, ಯಾಕೆಂದರೆ ಇಷ್ಟು ಕಡಿಮೆ ಜಾಗದಲ್ಲಿ ಎಲೆಕ್ಟ್ರಾನುಗಳಿಗೆ ಓಡಿ, ಡಿಕ್ಕಿ ಹೊಡೆದು, ಸಂಖ್ಯೆ ಹೆಚ್ಚಿಸಿಕೊಳ್ಳಲು ಅವಕಾಶವೇ ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2012ರಲ್ಲಿ ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಡಿಮೋಸ್ ಪೌಲಿಕಾಕೋಸ್ ತಂಡ ಮಾಡಿದ ಕೆಲಸ. ಇಂಕ್ ಅಂದರೆ ದ್ರಾವಕದಲ್ಲಿ ತೇಲುವ ಕೆಲವೇ ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು. ಹನಿ ಬೀಳುತ್ತದೆ, ಮುಂದಿನ ಹನಿ ಬರುವಷ್ಟರಲ್ಲಿ ದ್ರಾವಕ ಆರಿಹೋಗಿ ಚಿನ್ನ ಉಳಿಯುತ್ತದೆ. ಹೀಗೆ ಒಂದರ ಮೇಲೊಂದು ಕೂತು ಪುಟ್ಟ ಕಂಬ ಏಳುತ್ತದೆ. ಕಂಬ ಎದ್ದ ಮೇಲೆ ಅದರ ತುದಿಯಲ್ಲೇ ವಿದ್ಯುತ್ ಕ್ಷೇತ್ರ ಜಾಸ್ತಿ. ಬಯಲಲ್ಲಿ ಒಂಟಿ ಮರಕ್ಕೆ ಸಿಡಿಲು ಹೊಡೆಯುವ ಹಾಗೆ, ಚಾರ್ಜ್ ಹೊತ್ತ ಹನಿ ಸ್ವಲ್ಪ ಆಚೀಚೆ ಹೊರಟಿದ್ದರೂ ತಿರುಗಿ ಬಂದು ಆ ತುದಿಗೇ ಬೀಳುತ್ತದೆ. ಅಂದರೆ ಗುರಿ ಇಡುವ ಕೆಲಸವನ್ನು ಕಂಬವೇ ಮಾಡಿಕೊಳ್ಳುತ್ತದೆ. ಎಷ್ಟು ಚೆಂದ ಅಲ್ವಾ?

ಕಂಬ ಎದ್ದ ತಕ್ಷಣ ಕರೆಂಟ್ ಹರಿಯುತ್ತದೆ ಅಂದುಕೊಳ್ಳಬೇಡಿ. ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅವುಗಳ ಸುತ್ತ ಸಾವಯವ ಅಣುಗಳ ಪದರ ಇರುತ್ತದೆ. ಬಿಸಿ ಮಾಡಿ ಅದನ್ನು ಕಳೆದು ಕಣಗಳನ್ನು ಬೆಸೆಯಬೇಕು. ಬೆಳ್ಳಿ ಕರಗುವುದು 961 ಡಿಗ್ರಿಗೆ, ಆದರೆ ಬೆಳ್ಳಿಯ ನ್ಯಾನೋ ಕಣಗಳು 200 ಡಿಗ್ರಿಯೊಳಗೇ ಬೆಸೆದುಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆಯ ಮೇಲೂ ಸರ್ಕ್ಯೂಟ್ ಬರೆಯಲು ಆಗುವುದು ಇದರಿಂದಲೇ.

ತಲೆನೋವು ಬೇಕಾದಷ್ಟಿದೆ. ಗಾಜಿನಂಥ ಕರೆಂಟ್ ಹರಿಯದ ವಸ್ತುವಿನ ಮೇಲೆ ಬಿದ್ದ ಹನಿಯ ಚಾರ್ಜ್ ಅಲ್ಲೇ ಉಳಿದು ಮುಂದಿನ ಹನಿಯನ್ನು ದೂರ ತಳ್ಳುತ್ತದೆ, ಗೆರೆ ಸೊಟ್ಟ ಆಗುತ್ತದೆ. ಇದಕ್ಕೆ ಎಸಿ ವೋಲ್ಟೇಜ್ ಕೊಟ್ಟು ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಹನಿ ಹಾಕುವ ಉಪಾಯ ಇದೆ. ವೇಗದ ಸಮಸ್ಯೆ ಇದಕ್ಕಿಂತ ದೊಡ್ಡದು. ಒಂದೇ ನಾಝಲ್‌ನಲ್ಲಿ ದೊಡ್ಡ ಜಾಗ ತುಂಬಿಸಲು ಆಗಲ್ಲ. ಸುಮ್ನೆ ಹತ್ತು ನಾಝಲ್ ಪಕ್ಕಪಕ್ಕ ಇಟ್ಟರೆ ಒಂದರ ಕ್ಷೇತ್ರ ಇನ್ನೊಂದನ್ನು ಕೆಡಿಸುತ್ತದೆ, ಹನಿಗಳೂ ಒಂದನ್ನೊಂದು ದೂಡುತ್ತವೆ. ಪ್ರತಿ ನಾಝಲ್‌ಗೂ ಬೇರೆ ಎಲೆಕ್ಟ್ರೋಡ್ ಕೊಟ್ಟು ಈ ಜಗಳ ಬಿಡಿಸುವ ಪ್ರಯತ್ನಗಳು ನಡೆಯುತ್ತಿವೆ. ಹನಿ ಇನ್ನೂ ಎಷ್ಟು ಚಿಕ್ಕದಾಯ್ತು ಅನ್ನೋದಕ್ಕಿಂತ ನನಗೆ ಈ ಕೆಲಸದ ಮೇಲೇ ಜಾಸ್ತಿ ಕುತೂಹಲ. ಸಂಶೋಧನಾ ಲೇಖನಗಳಲ್ಲಿ ಕಂಬದ ಚಿತ್ರಗಳಿಗೆ ಬರವಿಲ್ಲ. ನಾಝಲ್ ಎಷ್ಟು ಹೊತ್ತು ಕಟ್ಟಿಕೊಳ್ಳದೆ ಓಡಿತು ಅನ್ನೋದನ್ನೂ ಪಕ್ಕದಲ್ಲೇ ಬರೆದರೆ ಓದುವವರಿಗೆ ಉಪಕಾರ ಆಗುತ್ತದೆ.